ಕೆಂಪಿಯ ತೊಟ್ಟಿಯಲ್ಲಿ ಖಾಲಿ ಜಾಗ

ನಮ್ಮ ದೊಡ್ಡಪ್ಪನ ಮನೆಯಲ್ಲಿ ಕುಡಿಯಲು ನೀರು ಕೇಳಿದರೆ ಲೋಟವನ್ನು ಎತ್ತಿ ಕುಡಿಯುವ ಹಾಗಿಲ್ಲ. ಅಂಚಿನ ತನಕ, ಅಂಚಿಗಿಂತ ಒಂದು ಕೂದಲೆಳೆ ಮೇಲಕ್ಕೇ ತುಂಬಿಸಿ ತಂದಿಟ್ಟಿರುತ್ತಾರೆ. ಮೊದಲು ಮೇಜಿನ ಮೇಲೆ ಬಗ್ಗಿ ಬೆಕ್ಕಿನ ಹಾಗೆ ಎರಡು ಗುಟುಕು ಹೀರಬೇಕು, ಆಮೇಲೆ ಲೋಟಕ್ಕೆ ಕೈ ಹಚ್ಚಬೇಕು. ಹೊಸಬರು ಗೊತ್ತಿಲ್ಲದೆ ಎತ್ತಿ ಮಡಿಲೆಲ್ಲ ಒದ್ದೆ ಮಾಡಿಕೊಂಡರೆ ದೊಡ್ಡಮ್ಮ ಹೊಲಿಗೆ ಮಷೀನಿನ ಹಿಂದಿನಿಂದ ಏಳದೆಯೇ ಟವೆಲ್ ಎಸೆಯುತ್ತಾರೆ. ಆ ಟವೆಲ್ಲನ್ನು ಅದಕ್ಕೆಂದೇ ಕೈಗೆಟುಕುವಲ್ಲಿ ನೇತುಹಾಕಿಕೊಂಡಿದ್ದಾರೆ.

ದೊಡ್ಡಪ್ಪ ನೀರು ಸರಬರಾಜು ಇಲಾಖೆಯಲ್ಲಿ ವಾಲ್ವ್‌ಮ್ಯಾನ್. ಎದೆಯೆತ್ತರದ ಕಬ್ಬಿಣದ ಕೀಲಿ ಹಿಡಿದು ಬೀದಿ ಬೀದಿ ತಿರುಗಿ, ನೆಲದ ಗುಂಡಿಯಲ್ಲಿರುವ ವಾಲ್ವು ತಿರುಗಿಸಿ, ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಮಾಡುವವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಊರಿನ ದೊಡ್ಡ ಟ್ಯಾಂಕು ಅರ್ಧಕ್ಕಿಳಿದದ್ದನ್ನು ನೋಡಿಯೂ ಸಂಜೆ ತುಂಬಿಸಿದರಾಯಿತು ಎಂದು ಬಿಟ್ಟರಂತೆ. ಮಧ್ಯಾಹ್ನ ಪಂಪು ಕೆಟ್ಟಿತು. ಮೂರು ದಿನ ಯಾರಿಗೂ ನೀರಿಲ್ಲ. ಜನ ಖಾಲಿ ಕೊಡಗಳನ್ನು ತಂದು ಇವರ ಮನೆಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು, ಒಂದು ಮಾತೂ ಆಡದೆ ಹೋದರಂತೆ. ಬೈದಿದ್ದರೆ ದೊಡ್ಡಪ್ಪ ಮರೆತುಬಿಡುತ್ತಿದ್ದರು. ಆ ಮಾತಿಲ್ಲದ ಕೊಡಗಳನ್ನು ಮರೆಯಲಾಗಲಿಲ್ಲ. ಅಂದಿನಿಂದ ಅರ್ಧ ಖಾಲಿ ಪಾತ್ರೆ ಕಂಡರೆ ಅವರ ಕೈ ನೀರು ಹುಡುಕುತ್ತದೆ. ಬಕೆಟ್ಟು, ಚೊಂಬು, ಹೂವಿನ ಕುಂಡ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ, ಎಲ್ಲವೂ ಕಂಠಪೂರ್ತಿ. ಕೇಳಿದರೆ "ತುಂಬಿದ ಕೊಡ ತುಳುಕಲ್ಲ" ಎನ್ನುತ್ತಾರೆ. ಅವರ ಮನೆಯಲ್ಲಿ ನೆಲ ಒಣಗಿದ್ದನ್ನು ನಾನಂತೂ ನೋಡಿಲ್ಲ.

ಇಂಥ ಮನುಷ್ಯನ ಹತ್ತಿರ ಒಂದು ಕಾರಿದೆ. ಇಬ್ಬರೇ ಕೂರುವ, ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಹೋಗುವ ಹಳೇ ಕಾಲದ ಸ್ಪೋರ್ಟ್ಸ್ ಕಾರು. ಹೆಸರು ಕೆಂಪಿ. ವಯಸ್ಸಿನಲ್ಲಿ ದೊಡ್ಡಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವಳು. ಇಲಾಖೆಯ ಹಿರಿಯ ಇಂಜಿನಿಯರ್ ಒಬ್ಬರು ಅದನ್ನು ಪಂಪ್‌ಹೌಸಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ನಿವೃತ್ತಿಯ ದಿನ ಬೀಗದ ಕೈ, ಕಾಗದಪತ್ರ ಎಲ್ಲವನ್ನೂ ದೊಡ್ಡಪ್ಪನ ಕೈಗೆ ಹಾಕಿ, "ನೀನೇ ಇಟ್ಕೋಪ್ಪ. ಇದರೊಳಗೆ ಇಳಿಯೋಕೆ ನನ್ನ ಸೊಂಟ ಒಪ್ತಿಲ್ಲ, ಇಳಿದ್ರೆ ಏಳೋಕೆ ಮಂಡಿ ಒಪ್ತಿಲ್ಲ" ಎಂದು ಹೋದರಂತೆ. ಅದರೊಳಗೆ ಮರಿ ಹಾಕಿಕೊಂಡಿದ್ದ ಬೆಕ್ಕನ್ನು ಬೇರೆ ಮನೆಗೆ ಒಪ್ಪಿಸಿ, ಹನ್ನೊಂದು ವರ್ಷ ಒಂದೊಂದೇ ಬೋಲ್ಟು ತಿಕ್ಕಿ, ದೊಡ್ಡಪ್ಪ ಅದನ್ನು ರಸ್ತೆಗೆ ತಂದರು.

ರಸ್ತೆಗೆ ಬಂದ ಮೇಲೆ ಗೊತ್ತಾಯಿತು, ಕೆಂಪಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು. ಸ್ವಲ್ಪ ಏರು ಸಿಕ್ಕರೆ ಸಾಕು, ಬುಸುಗುಟ್ಟಿ ಹಬೆ ಬಿಟ್ಟು ನಿಂತುಬಿಡುತ್ತಿದ್ದಳು. "ಊರಿಗೆಲ್ಲ ನೀರು ಬಿಡೋ ಮಹಾರಾಯನ ಕಾರಲ್ಲೇ ನೀರು ನಿಲ್ಲಲ್ವಂತೆ" ಎಂದು ಬೀದಿಯವರು ನಗುತ್ತಿದ್ದರು.

ನಗದೇ ಇದ್ದವರು ಒಬ್ಬರೇ, ಹಲ್ಲಿನ ಡಾಕ್ಟರು. ಅವರಿಗೆ ಕೆಂಪಿಯ ಮೇಲೆ ಕಣ್ಣು. ದೊಡ್ಡಪ್ಪ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತಾಗೆಲ್ಲ ಎಲ್ಲಿಂದಲೋ ಡಾಕ್ಟರ ಬಿಳಿ ಕಾರು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು.

"ಯಜಮಾನ್ರೇ, ಯಾಕೆ ಈ ವಯಸ್ಸಲ್ಲಿ ಒದ್ದಾಡ್ತೀರಿ? ನನಗೆ ಕೊಟ್ಬಿಡಿ. ಚೆನ್ನಾಗಿ ನೋಡ್ಕೊಳ್ತೀನಿ."

"ಏನು ಮಾಡ್ತೀರಿ ತಗೊಂಡು?"

"ಹೊಸ ಕ್ಲಿನಿಕ್ಕಲ್ಲಿ ಇಡ್ತೀನಿ. ಇಂಜಿನ್ ತೆಗೆದು, ಸೀಟು ಹಿಂದಕ್ಕೆ ಒರಗೋ ಹಾಗೆ ಮಾಡಿಸಿ, ಸ್ಟೀರಿಂಗ್ ಪಕ್ಕ ಉಗುಳೋಕೆ ಒಂದು ಬೇಸಿನ್. ಮಕ್ಕಳು ಖುಷಿಯಿಂದ ಬಂದು ಕೂತು ಬಾಯಿ ತೆಗೀತಾವೆ."

ಇದನ್ನು ಕೇಳಿದ ದಿನ ದೊಡ್ಡಪ್ಪ ಊಟ ಮಾಡಲಿಲ್ಲ. ಬೇಸಿನ್ ಎಂಬ ಮಾತನ್ನೇ ಅವರಿಗೆ ನುಂಗಲಾಗಲಿಲ್ಲ. ಮುಂದಿನ ಸಲ ಕೆಂಪಿ ಸೇತುವೆಯ ಮೇಲೆ ಕೈಕೊಟ್ಟಾಗ ಡಾಕ್ಟರು ಕಿಟಕಿ ಇಳಿಸಿ ಇನ್ನೂ ಬಾಯಿ ಬಿಟ್ಟಿರಲಿಲ್ಲ, ದೊಡ್ಡಪ್ಪನೇ ಹೇಳಿಬಿಟ್ಟರು: "ಇನ್ನು ಮೂರು ವಾರ ಟೈಮ್ ಕೊಡಿ ಡಾಕ್ಟ್ರೇ. ಬೆಟ್ಟದ ಮೇಲಿನ ಜಲಾಶಯದ ತನಕ ಹೋಗಿ ಬರ್ತೀನಿ. ದಾರೀಲಿ ಒಂದು ಸಲ ಬಾನೆಟ್ ಎತ್ತಿದ್ರೆ ಕಾರು ನಿಮಗೆ. ಎತ್ತದೆ ಬಂದ್ರೆ ಇನ್ನು ಜನ್ಮದಲ್ಲಿ ನನ್ನ ಕೇಳಬಾರದು."

"ಒಂದು ಹನಿ ನೀರು ಕೆಳಗೆ ಬೀಳಬಾರದು. ಅದನ್ನೂ ಸೇರಿಸ್ಕೊಳ್ಳಿ."

"ಸೇರಿಸ್ಕೊಳ್ಳಿ. ನಮ್ಮಪ್ಪನಾಣೆ, ಕೊಟ್ಟ ಮಾತು ಕೊಟ್ಟ ಹಾಗೆ."

ಸಾಕ್ಷಿಗೆ ನನ್ನನ್ನು ಇಟ್ಟರು. ದೊಡ್ಡಪ್ಪನಿಗೆ ನಾನು ತಮ್ಮನ ಮಗಳು, ಡಾಕ್ಟರಿಗೆ ಆರು ತಿಂಗಳಿಂದ ಹಲ್ಲಿಗೆ ತಂತಿ ಬಿಗಿಸಿಕೊಂಡು ಓಡಾಡುವ ಪೇಷಂಟು. ಇಬ್ಬರಲ್ಲಿ ಯಾರಿಗೆ ಸುಳ್ಳು ಹೇಳಿದರೂ ನನಗೇ ನಷ್ಟ.

ದೊಡ್ಡಮ್ಮನಿಗೆ ಸುದ್ದಿ ಗೊತ್ತಾದಾಗ ಒಂದು ಜಾಕೆಟ್ಟಿಗೆ ತೋಳು ಕೂಡಿಸುತ್ತಿದ್ದರು. ಮಷೀನು ನಿಲ್ಲಿಸಲಿಲ್ಲ. "ಹನ್ನೊಂದು ವರ್ಷ ನನಗಿಂತ ಹೆಚ್ಚು ಅದನ್ನ ತಿಕ್ಕಿದ್ರಿ. ಈಗ ಅದರ ಮೇಲೇ ಪಣ ಕಟ್ಟಿ ಬಂದ್ರಿ. ನಾಳೆ ನನ್ನ ಮೇಲೆ ಕಟ್ಟಿ."

"ನಿನ್ನ ಮೇಲೆ ಕಟ್ಟಿದ್ರೆ ಯಾರಾದ್ರೂ ಗೆಲ್ಲೋಕೆ ಆಗತ್ತಾ?" ಎಂದು ದೊಡ್ಡಪ್ಪ ಶೆಡ್ಡಿಗೆ ಹೋದರು.

ಕೆಂಪಿಯ ಕಾಯಿಲೆ ಏನು ಎಂದು ಅವರಿಗೆ ಅಷ್ಟು ಹೊತ್ತಿಗೆ ಅಂದಾಜಾಗಿತ್ತು. ಕಾರಿನ ಇಂಜಿನ್ ತಣ್ಣಗಿರಲು ಅದರ ಸುತ್ತ ನೀರು ಓಡುತ್ತದೆ. ಆ ನೀರು ಬಿಸಿಯಾಗಿ ಹಿಗ್ಗಿದಾಗ ಹೋಗಿ ಕೂರಲು, ತಣ್ಣಗಾದಾಗ ವಾಪಸ್ ಬರಲು ಒಂದು ಪುಟ್ಟ ತೊಟ್ಟಿ ಇರುತ್ತದೆ. ಕೆಂಪಿಗೆ ಅದು ಹುಟ್ಟಿನಿಂದಲೇ ಇತ್ತು, ಆದರೆ ಹಿತ್ತಾಳೆಯದು, ಅಂಗೈಯಗಲ, ರೇಡಿಯೇಟರಿನ ಪಕ್ಕ ಎಲ್ಲೋ ಕೆಳಗೆ. ಇಂಜಿನ್ನಿನ ತಲೆ ಮೇಲೆ, ತೊಟ್ಟಿ ಅದರ ಮಂಡಿಯ ಹತ್ತಿರ. ಹಾಗಾಗಿ ಗಾಳಿಯೆಲ್ಲ ತಲೆಯಲ್ಲೇ ಸಿಕ್ಕಿಕೊಂಡು, ನೀರು ಅಲ್ಲಿಗೆ ಹೋಗದೆ, ಕೆಂಪಿಗೆ ತಲೆ ಕಾಯುತ್ತಿತ್ತು.

"ಊರಿನ ಟ್ಯಾಂಕನ್ನ ಬಾವಿಯೊಳಗೆ ಕಟ್ತಾರೇನೋ? ಎಲ್ಲಕ್ಕಿಂತ ಎತ್ತರದಲ್ಲಿ ಕಟ್ತಾರೆ" ಎಂದು ದೊಡ್ಡಪ್ಪ ವೆಲ್ಡಿಂಗ್ ಅಂಗಡಿಯ ಕಿಡಿಯಣ್ಣನಿಗೆ ಪಾಠ ಮಾಡಿದರು. ಕಿಡಿಯಣ್ಣ ಬೆಸುಗೆ ಹಾಕಿದರೂ ಕಿಡಿ, ಮಾತಾಡಿದರೂ ಕಿಡಿ.

"ಮೂವತ್ತು ವರ್ಷ ಟ್ಯಾಂಕಿನ ಕೆಳಗೆ ಓಡಾಡಿದ್ದೀರಲ್ಲ, ಇದು ಹೊಳೆಯೋಕೆ ಹನ್ನೊಂದು ವರ್ಷ ಬೇಕಾಯ್ತಾ?"

"ಮುಚ್ಕೊಂಡು ತಗಡು ಕತ್ತರಿಸು."

ಇಬ್ಬರೂ ಸೇರಿ ಅಲ್ಯೂಮಿನಿಯಂ ತಗಡಿನ ಒಂದು ಚಂದದ ತೊಟ್ಟಿ ಮಾಡಿದರು. ದೊಡ್ಡ ಟಿಫಿನ್ ಡಬ್ಬಿಯಷ್ಟು ಗಾತ್ರ. ಅದನ್ನು ಇಂಜಿನ್ನಿನ ಹಿಂದಿನ ಗೋಡೆಗೆ, ಎಲ್ಲಕ್ಕಿಂತ ಎತ್ತರಕ್ಕೆ ಕೂರಿಸಿದರು. ತಲೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಬರಲು ಪೆನ್ಸಿಲ್ಲಿನಷ್ಟು ಸಪೂರ ಪೈಪೊಂದು ಮೇಲಿನಿಂದ. ನೀರು ವಾಪಸ್ ಪಂಪಿಗೆ ಹೋಗಲು ದಪ್ಪ ಪೈಪು ತಳದಿಂದ. ಬಿಗಿಯಾದ ಹೊಸ ಮುಚ್ಚಳ, ಮುಚ್ಚಳದ ಕತ್ತಿನಿಂದ ನೆಲದ ಕಡೆಗೆ ಹೆಚ್ಚುವರಿ ನೀರಿಗೆ ಒಂದು ಕೊಳವೆ. ಪಕ್ಕದಲ್ಲಿ ಒಳಗಿನ ಮಟ್ಟ ಕಾಣಲು ಪಾರದರ್ಶಕ ನಳಿಕೆ. ಬರೀ ನೀರಿನ ಬದಲು ಹಸಿರು ಬಣ್ಣದ ಕೂಲಂಟ್ ತಂದು ಹದವಾಗಿ ಬೆರೆಸಿದರು. ದೊಡ್ಡಪ್ಪ ತಮ್ಮ ಕೈಯಾರೆ ಸುರಿದರು. ಕತ್ತಿನ ತನಕ. ಮುಚ್ಚಳ ಹಾಕುವಾಗ ನಾಲ್ಕು ಹನಿ ಹೊರಗೆ ಚೆಲ್ಲಿದ್ದನ್ನು ನೋಡಿ ಅವರ ಮುಖದಲ್ಲಿ ಸಮಾಧಾನ ಕಂಡಿತು.

ಮೊದಲ ಪರೀಕ್ಷೆಗೆ ಊರ ಸುತ್ತ ಒಂದು ಸುತ್ತು ಹೊಡೆದರು. ಕೆಂಪಿ ಎಲ್ಲೂ ಮುನಿಯಲಿಲ್ಲ. ಬಿಸಿ ತೋರಿಸುವ ಮುಳ್ಳು ಮೇಲೇರಲಿಲ್ಲ. ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಮೀಸೆ ತಿರುವಿದರು. ಎರಡು ನಿಮಿಷವಾಗಿರಬೇಕು. ಕೆಳಗಿನ ಕೊಳವೆಯಿಂದ ಬುಳಬುಳ ಎಂದು ಹಸಿರು ನೀರು ವಾಂತಿಯಾಯಿತು.

ಕಿಡಿಯಣ್ಣ ಮುಚ್ಚಳದ ತಪ್ಪು ಎಂದ. ಮುಚ್ಚಳ ಬದಲಾಯಿಸಿ, ಕಡಿಮೆಯಾದಷ್ಟನ್ನು ಮತ್ತೆ ಕತ್ತಿನ ತನಕ ತುಂಬಿಸಿ ಮರುದಿನ ಹೋದರು. ಬಂದರು. ಬುಳಬುಳ. ಬೆಸುಗೆ ತಪ್ಪು ಎಂದು ದೊಡ್ಡಪ್ಪ ಅಂದರು. ಕಿಡಿಯಣ್ಣನಿಗೆ ಅವಮಾನವಾಗಿ ತೊಟ್ಟಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಗಾಳಿ ಊದಿ ತೋರಿಸಿದ, ಒಂದು ಗುಳ್ಳೆಯೂ ಬರಲಿಲ್ಲ. ಮತ್ತೆ ಕತ್ತಿನ ತನಕ ತುಂಬಿಸಿದರು. ಮತ್ತೆ ಬುಳಬುಳ. ಹೀಗೆ ಎರಡು ವಾರ ಕಳೆಯಿತು. ದೊಡ್ಡಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಕೆಂಪಿಯ ಸೀಟಿನಲ್ಲಿ ಸುಮ್ಮನೆ ಕೂತಿದ್ದರು. "ಬೇಸಿನ್ ಯಾವ ಕಡೆ ಇಡ್ತಾರಂತೆ, ಎಡಕ್ಕಾ ಬಲಕ್ಕಾ?" ಎಂದು ಕೇಳಿದರು. ತಮಾಷೆಗಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಹೊರಗೆ ಬಂದರು. ನೆಲದ ಮೇಲಿನ ಹಸಿರು ಕಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೇಪು ಬಿಚ್ಚಿ, ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ ಅಳೆದರು.

"ಹದಿನಾಲ್ಕೂವರೆ, ಹತ್ತು" ಎಂದರು. "ಮೊನ್ನೆಯೂ ಇಷ್ಟೇ. ಆಚೆ ಮೊನ್ನೆಯೂ ಇಷ್ಟೇ. ದಿನಾ ನೆಲ ತೊಳೆಯೋಳು ನಾನು, ನನಗೆ ಗೊತ್ತಿಲ್ವಾ?"

"ಅದಕ್ಕೇನೀಗ? ಕಲೆಗೂ ಬಟ್ಟೆ ಹೊಲೀತೀಯಾ?"

"ತೂತಿದ್ರೆ ಒಂದಿನ ಹೆಚ್ಚು ಸೋರತ್ತೆ, ಒಂದಿನ ಕಡಿಮೆ ಸೋರತ್ತೆ. ಇದು ದಿನಾ ಅಳತೆ ಮಾಡಿದ ಹಾಗೆ ಬರ್ತಿದೆ. ಸೋರ್ತಿಲ್ಲ ರೀ ಇದು. ಬೇಡ, ಸಾಕು ಅಂತ ಉಗೀತಿದೆ."

ದೊಡ್ಡಪ್ಪ ಸೀಟಿನಿಂದ ಇಳಿದು ಬಂದು ಕಲೆಯ ಮುಂದೆ ಬಗ್ಗಿದರು.

"ಹಲ್ಲಿನ ಡಾಕ್ಟ್ರ ಪ್ಯಾಂಟು ಹೊಲಿಯೋಳು ಯಾರು? ನಾನು. ಬೆಳಿಗ್ಗೆ ಬಂದು ಅಳತೆ ಕೊಡ್ತಾರೆ, ಹೊಟ್ಟೆ ಒಳಗೆ ಎಳ್ಕೊಂಡು. ಅದೇ ಅಳತೆಗೆ ಹೊಲಿದ್ರೆ ಮಧ್ಯಾಹ್ನ ಊಟ ಆದ ಕೂಡಲೇ ಗುಂಡಿ ಹಾರಿ ಪೇಷಂಟಿನ ಬಾಯಿಗೆ ಬೀಳತ್ತೆ. ಅದಕ್ಕೆ ಎರಡಿಂಚು ಸಡಿಲ ಬಿಡ್ತೀನಿ. ಅವರಿಗೆ ಹೇಳಲ್ಲ. ನಿಮ್ಮ ತೊಟ್ಟಿಗೆ ಎಷ್ಟು ಸಡಿಲ ಬಿಟ್ಟಿದೀರಿ?"

ತೊಟ್ಟಿ ಇರುವುದೇ ಹಿಗ್ಗಿದ ನೀರಿಗೆ ಜಾಗ ಕೊಡಲು. ಆ ಜಾಗವನ್ನು ದೊಡ್ಡಪ್ಪ ದಿನಾ ಬೆಳಿಗ್ಗೆ ತಾವೇ ತುಂಬಿಸಿಬಿಡುತ್ತಿದ್ದರು. ಕೆಂಪಿ ದಿನಾ ಅಷ್ಟನ್ನೇ ಹೊರಗೆ ಹಾಕಿ, ತನಗೆ ಬೇಕಾದ ಮಟ್ಟಕ್ಕೆ ಬಂದು ಕೂರುತ್ತಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಎರಡನೇ ದಿನವೇ ಎಲ್ಲ ಸರಿ ಹೋಗುತ್ತಿತ್ತು. ಆದರೆ ನಳಿಕೆಯಲ್ಲಿ ಅರ್ಧ ಮಟ್ಟ ಕಂಡ ತಕ್ಷಣ ಇವರ ಕೈ ಚೊಂಬಿಗೆ ಹೋಗುತ್ತಿತ್ತು.

ವಿಷಯ ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಟ್ಟ ನೋಡಲು ಹೋದವರು ಮತ್ತೆ ತುಂಬಿಸಿ ಬಂದಿದ್ದರು. "ಒಂದು ಲೋಟ ಅಷ್ಟೇ" ಎಂದರು. ಆಚೆ ದಿನ ಎರಡು ಲೋಟ. ಶುಕ್ರವಾರ ದೊಡ್ಡಮ್ಮ ಹೆಚ್ಚಾದದ್ದನ್ನು ಹೊರಗೆ ತೆಗೆಸಿ, ಕೂಲಂಟ್ ಅರ್ಧಕ್ಕೆ ಬಂದಾಗ ನಳಿಕೆಯ ಪಕ್ಕದ ತಗಡಿನ ಮೇಲೆ ದರ್ಜಿ ಸೀಮೆಸುಣ್ಣದಲ್ಲಿ ಒಂದು ನೀಲಿ ಗೆರೆ ಎಳೆದರು. ಆಮೇಲೆ ಮುಚ್ಚಳದ ಮೇಲೆ ದಪ್ಪ ಕ್ಯಾನ್ವಾಸಿನ ತುಂಡು ಹಾಕಿ, ಕತ್ತಿನ ಸುತ್ತ ಬಿಗಿಯಾಗಿ ಹೊಲಿದುಬಿಟ್ಟರು. ಒತ್ತೊತ್ತಾಗಿ, ಮೇಲಿಂದ ಕೆಳಗೆ, ಕೊನೆಗೆ ಮೂರು ಗಂಟು.

"ಈ ಹೊಲಿಗೆ ಬಿಚ್ಚಿ ಮತ್ತೆ ಹೀಗೇ ಹಾಕೋಕೆ ಈ ಊರಲ್ಲಿ ಯಾರಿಗೂ ಬರಲ್ಲ. ಬಿಚ್ಚಿದ್ರೆ ನನಗೆ ಗೊತ್ತಾಗತ್ತೆ."

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಮುಂದೆ ಕೆಂಪಿ, ಅದರಲ್ಲಿ ದೊಡ್ಡಪ್ಪ ಮತ್ತು ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ದೊಡ್ಡಮ್ಮ. ಹಿಂದೆ ಬಿಳಿ ಕಾರಿನಲ್ಲಿ ಡಾಕ್ಟರು ಮತ್ತು ನಾನು. ಡಾಕ್ಟರು ರಸ್ತೆ ನೋಡುತ್ತಿದ್ದುದಕ್ಕಿಂತ ಕೆಂಪಿಯ ತಳ ನೋಡುತ್ತಿದ್ದುದೇ ಹೆಚ್ಚು. "ಹನಿ ಕಂಡ್ರೆ ನೀನೂ ಹೇಳಬೇಕಮ್ಮ" ಎಂದರು. "ಹೇಳ್ತೀನಿ ಡಾಕ್ಟ್ರೇ. ನೀವು ಮುಂದಿನ ಲಾರಿ ನೋಡಿ" ಎಂದೆ.

ಬೆಟ್ಟಕ್ಕೆ ಹದಿನೈದು ತಿರುವು. ಆರನೆಯದು ದಾಟಿದರು, ಎಂಟು ದಾಟಿದರು. ಒಂಬತ್ತನೇ ತಿರುವಿನಲ್ಲಿ ರಸ್ತೆ ಬದಿಗೆ ಒಂದು ನಲ್ಲಿ ಇದೆ. ಬೆಟ್ಟದ ಕೊಳವೆಯ ಕೆಲಸದಲ್ಲಿ ದೊಡ್ಡಪ್ಪನೇ ನಿಂತು ಹಾಕಿಸಿದ ನಲ್ಲಿ. ಅಲ್ಲಿ ಕೆಂಪಿ ನಿಧಾನವಾಯಿತು. ಬದಿಗೆ ಸರಿಯಿತು. ನಿಂತಿತು. ಇಂಜಿನ್ ಓಡುತ್ತಲೇ ಇತ್ತು.

"ಆಯ್ತು" ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು, ಮದುವೆ ಗೊತ್ತಾದವರ ಹಾಗೆ.

ನಾವು ಹಿಂದೆಯೇ ನಿಲ್ಲಿಸಿದೆವು. ಕೆಂಪಿಗೆ ಸೂರಿಲ್ಲದ ಕಾರಣ ಮಾತೆಲ್ಲ ಕೇಳುತ್ತಿತ್ತು.

"ಇವಳೇ, ಮುಳ್ಳು ನೋಡು. ಮುಕ್ಕಾಲಿಗೆ ಬಂದಿದೆ."

"ನೋಡಿದೆ. ಐದನೇ ತಿರುವಿಂದ ಅಲ್ಲೇ ಇದೆ. ಅಲುಗಾಡಿಲ್ಲ."

"ಒಳಗೆ ಅರ್ಧ ಖಾಲಿ ಇದೆ ಕಣೇ. ಅರ್ಧ ಖಾಲಿ ಟ್ಯಾಂಕ್ ಇಟ್ಕೊಂಡು ನಾನು ಸಂತೆಗೂ ಹೋದೋನಲ್ಲ. ಒಂದೇ ಒಂದು ಚೊಂಬು."

"ಬಾನೆಟ್ ಎತ್ತಿದ್ರೆ ಕಾರು ಅವರದು."

"ಗೊತ್ತು."

"ಹೊಲಿಗೆ ಬಿಚ್ಚೋಕೆ ಕತ್ತರಿಯೂ ಬೇಕು. ಅದು ನನ್ನ ಹತ್ರ ಇದೆ."

"ಕೊಡು ಮತ್ತೆ."

ದೊಡ್ಡಮ್ಮ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೈಚೀಲದಿಂದ ಕತ್ತರಿ ತೆಗೆದು ಇಬ್ಬರ ನಡುವೆ ಇಟ್ಟರು. "ಮೆಟ್ಟಿಲ ಮೇಲೆ ಕೊಡ ಇಟ್ಟು ಹೋಗೋಕೆ ಇವತ್ತು ಯಾರೂ ಬರಲ್ಲ ರೀ" ಎಂದರು. "ಆಮೇಲೆ ನಿಮ್ಮಿಷ್ಟ."

ದೊಡ್ಡಪ್ಪ ಕತ್ತರಿ ಮುಟ್ಟಲಿಲ್ಲ. ಚೊಂಬು ಹಿಡಿದು ಕೆಳಗಿಳಿದರು. ಡಾಕ್ಟರು ಸೀಟಿನ ಅಂಚಿಗೆ ಬಂದರು. ದೊಡ್ಡಪ್ಪ ನಲ್ಲಿ ತಿರುಗಿಸಿದರು. ಚೊಂಬು ತುಂಬಿತು, ಅಂಚು ಮೀರಿ ಹರಿಯಿತು. ನಲ್ಲಿ ನಿಲ್ಲಿಸಿ, ಹಾಗೇ ಹಿಡಿದುಕೊಂಡು ಬಾನೆಟ್ಟಿನ ಮುಂದೆ ಬಂದು ನಿಂತರು. ಒಂದು ಕೈ ಬಾನೆಟ್ಟಿನ ಮೇಲಿಟ್ಟರು. ಎಷ್ಟು ಹೊತ್ತೋ. ಮೇಲಿನಿಂದ ಬಂದ ಒಂದು ಬಸ್ಸು ಹಾರ್ನ್ ಹೊಡೆದು ಸುತ್ತಿ ಹೋಯಿತು.

ಆಮೇಲೆ ಆ ಚೊಂಬು ನೀರನ್ನು ದೊಡ್ಡಪ್ಪ ತಮ್ಮ ತಲೆಯ ಮೇಲೇ ಸುರಿದುಕೊಂಡರು.

ಮೀಸೆಯಿಂದ ನೀರು ಸೋರಿಸಿಕೊಂಡು ಬಂದು ಸೀಟಿನಲ್ಲಿ ಕೂತರು. "ಈಗ ಪರವಾಗಿಲ್ಲ" ಎಂದರು.

"ನಿಮಗೋ, ಕಾರಿಗೋ?"

"ಇಬ್ಬರಿಗೂ" ಎಂದು ಗೇರ್ ಹಾಕಿದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮ, ನೀರು ಕೆಳಗೆ ಬಿತ್ತಲ್ಲ? ಒಂದು ಹನಿಯೂ ಬೀಳಬಾರದು ಅಂತ ಮಾತಾಗಿತ್ತು."

"ಅದು ಕೆಂಪಿ ಚೆಲ್ಲಿದ ನೀರಲ್ಲ, ದೊಡ್ಡಪ್ಪ ಚೆಲ್ಲಿದ್ದು. ಅವರನ್ನ ಕ್ಲಿನಿಕ್ಕಲ್ಲಿ ಇಟ್ಕೊಳ್ತೀರಾ?"

ಡಾಕ್ಟರು ಸ್ವಲ್ಪ ಹೊತ್ತು ಅದನ್ನೂ ಯೋಚಿಸಿದ ಹಾಗೆ ಕಂಡಿತು.

ಉಳಿದ ಆರು ತಿರುವೂ ದಾಟಿ ಜಲಾಶಯದ ಕಟ್ಟೆಯ ಮೇಲೆ ನಿಂತೆವು. ಡಾಕ್ಟರು ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ ಕೆಂಪಿಯ ಕೆಳಗೆ ನೋಡಿದರು. ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ಒಂದು ಹನಿಯೂ ಇಲ್ಲ. ದೊಡ್ಡಪ್ಪನೂ ಇನ್ನೊಂದು ಬದಿಯಿಂದ ಬಗ್ಗಿ ನೋಡಿದರು. ಗೆದ್ದವರ ಮುಖಕ್ಕಿಂತ ಹೆಚ್ಚಾಗಿ ಅದು ನಂಬಲಾಗದವರ ಮುಖವಾಗಿತ್ತು. ಇಳಿಯುವಾಗ ನಲ್ಲಿಯ ತಿರುವಿನಲ್ಲಿ ಕೆಂಪಿ ನಿಧಾನವೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಬಾನೆಟ್ ಎತ್ತಲು ದೊಡ್ಡಮ್ಮ ಬಿಡಲಿಲ್ಲ. "ತಣ್ಣಗಾಗಲಿ. ಬಿಸಿಯಲ್ಲಿ ಅಳತೆ ನೋಡಬಾರದು" ಎಂದರು. ಒಂದೂವರೆ ಗಂಟೆ ನಾಲ್ವರೂ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕಾದೆವು. ಆಮೇಲೆ ದೊಡ್ಡಮ್ಮ ಬಾನೆಟ್ ಎತ್ತಿಸಿ, ಹೊಲಿಗೆಯನ್ನು ಡಾಕ್ಟರಿಗೆ ತೋರಿಸಿ, ಮೂರು ಗಂಟನ್ನೂ ಕತ್ತರಿಸಿದರು. ಹಸಿರು ನೀರು ನೀಲಿ ಗೆರೆಯ ಮೇಲೆ, ಸ್ಕೇಲಿಟ್ಟು ಎಳೆದ ಹಾಗೆ, ಬೆಳಿಗ್ಗೆ ಇದ್ದಲ್ಲೇ ನಿಂತಿತ್ತು.

ಡಾಕ್ಟರು ತೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು, ಹಲ್ಲು ತಟ್ಟಿ ನೋಡುವ ಹಾಗೆ. "ಒಳ್ಳೆ ಕೆಲಸ. ಯಾರು ಮಾಡಿದ್ದು?" ಎಂದರು.

ದೊಡ್ಡಪ್ಪ ಎದೆಯುಬ್ಬಿಸಿ ಬಾಯಿ ತೆರೆದವರು, ಮಷೀನಿನ ಕಡೆ ಹೊರಟಿದ್ದ ದೊಡ್ಡಮ್ಮನ ಬೆನ್ನು ನೋಡಿ ಉಬ್ಬಿಸಿದ ಎದೆ ಇಳಿಸಿದರು.

"ತೊಟ್ಟಿ ನಂದು ಡಾಕ್ಟ್ರೇ" ಎಂದರು. "ಒಳಗಿರೋ ಖಾಲಿ ಜಾಗ ಅವಳದು."

ಒಳಗೆ ಮಷೀನು ಶುರುವಾಯಿತು, ನಿಂತಿತು. "ಡಾಕ್ಟ್ರೇ, ಮಂಡಿಯೂರಿದಾಗ ಹಿಂದುಗಡೆ ಹೊಲಿಗೆ ಬಿಟ್ಟಿದೆ" ಎಂದು ದೊಡ್ಡಮ್ಮ ಕೂಗಿ ಹೇಳಿದರು. "ಬನ್ನಿ, ಹಾಕಿ ಕೊಡ್ತೀನಿ."